ಬಾಡಿಗೆ ಅವರದು, ಜಾಮೀನು ನಿಮ್ಮದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾಡಿಗೆ ಕರಾರಿಗೆ ಜಾಮೀನು ನಿಂತವರದು, ಇಲ್ಲವೇ ನಿಲ್ಲಬೇಕಾದ ಇಕ್ಕಟ್ಟಿನಲ್ಲಿರುವವರದು. ಬ್ಯಾಂಕ್ ಸಾಲಕ್ಕೆ ಜಾಮೀನು ಎಂದರೆ ಹತ್ತು ಸಲ ಯೋಚಿಸುವವರು ಬಾಡಿಗೆಗೆ ಎಂದಕೂಡಲೇ ಪೆನ್ನು ತೆಗೆಯುತ್ತಾರೆ. ಕಾನೂನಿನ ಕಣ್ಣಿಗೆ ಎರಡೂ ಒಂದೇ. ಬರೆದವರ ಹೆಸರು ಬಿಟ್ಟು, ಊರನ್ನಷ್ಟೇ ಉಳಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. ಸಹೋದ್ಯೋಗಿಯೊಬ್ಬರ ತಮ್ಮ ಮೊಬೈಲ್ ಅಂಗಡಿ ಇಡಲು ಮಳಿಗೆ ಹಿಡಿಯುತ್ತಿದ್ದಾನೆ. ತಿಂಗಳಿಗೆ 22,000 ರೂಪಾಯಿ ಬಾಡಿಗೆ, ಮೂರು ವರ್ಷದ ಕರಾರು, ವರ್ಷಕ್ಕೆ ಶೇ 5ರಷ್ಟು ಏರಿಕೆ. ಮಾಲೀಕರು ಸರ್ಕಾರಿ ನೌಕರರೊಬ್ಬರ ಜಾಮೀನು ಬೇಕೆಂದು ಹಟ ಹಿಡಿದಿದ್ದಾರೆ. ‘ಇದೆಲ್ಲ ಬರೀ ಫಾರ್ಮಾಲಿಟಿ ಸಾರ್. ಏನಾದರೂ ಆದರೆ ಮೊದಲು ನನ್ನ ತಮ್ಮನನ್ನೇ ಹಿಡಿಯುತ್ತಾರೆ, ನಿಮ್ಮ ತನಕ ಬರೋದೇ ಇಲ್ಲ’ ಎನ್ನುತ್ತಾರೆ ಸಹೋದ್ಯೋಗಿ. ನಿಜವೇ?
– ದಾವಣಗೆರೆ

ಉತ್ತರ: ಮೇಷ್ಟ್ರೇ, ನಿಜವಲ್ಲ. ಜಾಮೀನುದಾರರ ಹೊಣೆ ಅಸಲು ಸಾಲಗಾರನ ಹೊಣೆಯಷ್ಟೇ ಎಂದು 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮು ಹೇಳುತ್ತದೆ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಅದು ಬದಲಾಗುತ್ತದೆ. ‘ಮೊದಲು ಅವನು, ಆಮೇಲೆ ನೀವು’ ಎಂಬ ಸರದಿ ಕಾನೂನಿನಲ್ಲಿಲ್ಲ. ಬಾಡಿಗೆದಾರನನ್ನು ಬಿಟ್ಟು ನೇರವಾಗಿ ನಿಮ್ಮೊಬ್ಬರ ಮೇಲೇ ದಾವೆ ಹೂಡುವುದಕ್ಕೂ ಮಾಲೀಕರಿಗೆ ಹಕ್ಕಿದೆ.

ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಐದು ದಶಕಗಳ ಹಿಂದೆಯೇ ಇತ್ಯರ್ಥ ಮಾಡಿದೆ. ಸಾಲಗಾರನಿಂದ ವಸೂಲಿಗೆ ಇರುವ ದಾರಿಗಳೆಲ್ಲ ಮುಗಿದ ಮೇಲಷ್ಟೇ ಜಾಮೀನುದಾರನ ಬಳಿಗೆ ಹೋಗಬೇಕೆಂದು ಕೆಳಗಿನ ನ್ಯಾಯಾಲಯ ಹಾಕಿದ್ದ ಷರತ್ತನ್ನು ಅದು ತೆಗೆದುಹಾಕಿತು. ಕಾಯಿಸಿ ಕೊಡುವ ಜಾಮೀನಿನಿಂದ ಸಾಲ ಕೊಟ್ಟವನಿಗೆ ಏನು ಉಪಯೋಗ ಎಂಬುದು ಆ ತೀರ್ಪಿನ ತಿರುಳು. ಅದು ಬ್ಯಾಂಕ್ ಸಾಲದ ಪ್ರಕರಣವಾದರೂ ನಿಯಮ ಬಾಡಿಗೆಗೂ ಅದೇ.

ಇನ್ನು ಲೆಕ್ಕ ನೋಡೋಣ. 22,000, 23,100, 24,255 ಎಂದು ಮೂರು ವರ್ಷಕ್ಕೆ ಕೂಡಿದರೆ ಬಾಡಿಗೆಯೇ 8,32,260 ರೂಪಾಯಿ. ಕರೆಂಟ್ ಬಿಲ್, ಮಳಿಗೆಗೆ ಆದ ಹಾನಿ, ತೆರವು ಮಾಡದೆ ಕುಳಿತರೆ ಹಾಕುವ ದಂಡ, ಬಡ್ಡಿ, ಕೋರ್ಟ್ ಖರ್ಚು ಇವೆಲ್ಲ ಬೇರೆ. ನೀವು ಸಹಿ ಹಾಕುವುದು ಈ ಮೊತ್ತಕ್ಕೆ.

ಸರ್ಕಾರಿ ನೌಕರರೇ ಯಾಕೆ ಬೇಕು ಎಂಬುದೂ ತಿಳಿದಿರಲಿ. ಅಂಗಡಿಯವನು ಬಾಗಿಲು ಎಳೆದು ಊರು ಬಿಡಬಹುದು, ನೀವು ಶಾಲೆ ಬಿಟ್ಟು ಹೋಗಲಾರಿರಿ. ಡಿಕ್ರಿ ಬಂದರೆ ನ್ಯಾಯಾಲಯ ನಿಮ್ಮ ಸಂಬಳವನ್ನು ಜಪ್ತಿ ಮಾಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಸಂಬಳದ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲನ್ನು ಮುಟ್ಟುವಂತಿಲ್ಲ. ವಿನಾಯಿತಿ ಇರುವ ಭತ್ಯೆಗಳನ್ನು ಬಿಟ್ಟು ನಿಮ್ಮ ಸಂಬಳ 61,000 ಎಂದುಕೊಳ್ಳಿ. ತಿಂಗಳಿಗೆ 20,000 ರೂಪಾಯಿ ಖಜಾನೆಯಿಂದಲೇ ಕಡಿತವಾಗಬಹುದು. ಒಂದೇ ಡಿಕ್ರಿಗೆ ಸಂಬಳ ಜಪ್ತಿ ಒಟ್ಟು 24 ತಿಂಗಳು ಮೀರುವಂತಿಲ್ಲ ಎಂಬುದಷ್ಟೇ ಸಮಾಧಾನ. ಆದರೂ ಅದು 4,80,000 ರೂಪಾಯಿ. ಅದಕ್ಕೂ ತೀರದಿದ್ದರೆ ನಿವೇಶನ, ಬ್ಯಾಂಕ್ ಠೇವಣಿಗಳ ಕಡೆಗೆ ಕೈ ಚಾಚಬಹುದು.

ಫಾರ್ಮಾಲಿಟಿಯೇ ಆಗಿದ್ದರೆ ತಮ್ಮನಿಗೆ ಸ್ವಂತ ಅಣ್ಣನೇ ಜಾಮೀನು ನಿಲ್ಲಬಹುದಲ್ಲ? ಅವರೂ ನಿಮ್ಮಂತೆಯೇ ಸರ್ಕಾರಿ ಸಂಬಳದವರು. ಸಹೋದ್ಯೋಗಿಯನ್ನು ಹೀಗೆ ಕೇಳಿ ನೋಡಿ, ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ.

ಪ್ರಶ್ನೆ: ಗೆಳತಿಯೊಬ್ಬಳ ಬಾಡಿಗೆ ಅಗ್ರಿಮೆಂಟಿಗೆ ಸಾಕ್ಷಿಯಾಗಿ ಸಹಿ ಹಾಕಿದ್ದೆ. ಆಕೆ ಮೂರು ತಿಂಗಳ ಬಾಡಿಗೆ ಉಳಿಸಿಕೊಂಡು ಊರಿಗೆ ಹೋಗಿದ್ದಾಳೆ, ಫೋನ್ ತೆಗೆಯುತ್ತಿಲ್ಲ. ಓನರ್ ಆಂಟಿ ದಿನಾ ನನಗೆ ವಾಟ್ಸ್‌ಆ್ಯಪ್ ಮಾಡಿ ‘ಸೈನ್ ಹಾಕಿದ್ದೀಯಲ್ಲ, ನೀನೇ ಕೊಡು’ ಅನ್ನುತ್ತಾರೆ. ನಾನು ಕೊಡಬೇಕಾ ಮೇಡಂ?
– ಬೆಂಗಳೂರು

ಉತ್ತರ: ಬರೀ ಸಾಕ್ಷಿಯಾಗಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಇಬ್ಬರೂ ನನ್ನ ಎದುರಿಗೆ ಸಹಿ ಹಾಕಿದರು ಎಂದು ಹೇಳುವುದಷ್ಟೇ ಸಾಕ್ಷಿಯ ಕೆಲಸ.

ಆದರೆ ಅಗ್ರಿಮೆಂಟಿನ ಪ್ರತಿಯನ್ನು ತರಿಸಿಕೊಂಡು ಮೂರು ಜಾಗಗಳಲ್ಲಿ ಕಣ್ಣಾಡಿಸಿ. ಮೊದಲ ಪುಟದಲ್ಲಿ ಮಾಲೀಕರು, ಬಾಡಿಗೆದಾರರು ಎಂದು ಪಕ್ಷಗಾರರ ಹೆಸರಿರುವಲ್ಲಿ ಮೂರನೆಯವರಾಗಿ ನಿಮ್ಮ ಹೆಸರಿದೆಯೇ? ಒಳಗೆಲ್ಲಾದರೂ ‘ಬಾಡಿಗೆದಾರರು ಮತ್ತು ಜಾಮೀನುದಾರರು ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ ಹೊಣೆಗಾರರು’ ಎಂಬ ಸಾಲಿದೆಯೇ? ಕೊನೆಯಲ್ಲಿ ನಿಮ್ಮ ಸಹಿಯ ಪಕ್ಕ ಟೈಪ್ ಮಾಡಿರುವುದು ‘ಸಾಕ್ಷಿಗಳು’ ಎಂದೇ? ಟೈಪಿಂಗ್ ಅಂಗಡಿಯಲ್ಲಿ ಹಳೆಯ ಫೈಲ್ ತೆರೆದು ಹೆಸರಷ್ಟೇ ಬದಲಿಸಿ ಪ್ರಿಂಟ್ ಕೊಡುವುದು ಮಾಮೂಲು. ಯಾರದೋ ಕರಾರಿನ ಜಾಮೀನಿನ ಸಾಲು ನಿಮ್ಮದರಲ್ಲೂ ಉಳಿದುಬಿಟ್ಟಿರಬಹುದು.

ಇದಕ್ಕಿಂತ ದೊಡ್ಡ ಎಚ್ಚರಿಕೆ ನಿಮ್ಮ ವಾಟ್ಸ್‌ಆ್ಯಪ್ ಉತ್ತರದ ಬಗ್ಗೆ. ನಮ್ಮಲ್ಲಿ ಜಾಮೀನು ಬರಹದಲ್ಲೇ ಇರಬೇಕೆಂದಿಲ್ಲ. ಕರಾರು ಕಾಯ್ದೆಯ 126ನೇ ಕಲಮು ಬಾಯಿಮಾತಿನ ಜಾಮೀನನ್ನೂ ಒಪ್ಪುತ್ತದೆ. ಹಳೆಯ ಬಾಕಿಗೆ ಆಮೇಲೆ ಸುಮ್ಮನೆ ‘ನಾನು ಕೊಡ್ತೀನಿ’ ಎಂದರೆ ಪ್ರತಿಫಲ ಇಲ್ಲದ ಮಾತಾದ್ದರಿಂದ ಅದಕ್ಕೆ ಬಲವಿಲ್ಲ. ಆದರೆ ‘ಒಂದು ವರ್ಷ ಅವಳ ಮೇಲೆ ಕೇಸ್ ಹಾಕಬೇಡಿ ಆಂಟಿ, ಅವಳು ಕೊಡದಿದ್ದರೆ ನಾನೇ ಕೊಡ್ತೀನಿ’ ಎಂದು ನೀವು ಬರೆದು, ಅವರು ಅದಕ್ಕೆ ಒಪ್ಪಿ ಸುಮ್ಮನಿದ್ದರೆ, ಆ ಸುಮ್ಮನಿದ್ದುದೇ ಪ್ರತಿಫಲವಾಗುತ್ತದೆ. 127ನೇ ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಹೆಚ್ಚುಕಮ್ಮಿ ಹೀಗೇ ಇದೆ. ಅಲ್ಲಿಯ ತನಕ ಸಾಕ್ಷಿಯಾಗಿದ್ದ ನೀವು ಆ ಒಂದು ಮೆಸೇಜಿನಿಂದ ಜಾಮೀನುದಾರರಾಗಿಬಿಡಬಹುದು.

‘ನಾನು ಸಾಕ್ಷಿ ಮಾತ್ರ, ಬಾಡಿಗೆಗೆ ನನ್ನ ಹೊಣೆಯಿಲ್ಲ’ ಎಂದು ಒಂದೇ ಒಂದು ಸಲ ಮರ್ಯಾದೆಯಿಂದ ಬರೆದು ಸುಮ್ಮನಾಗಿ. ಗೆಳತಿಯ ಊರಿನ ವಿಳಾಸ ಗೊತ್ತಿದ್ದರೆ ಕೊಡಿ. ಅಡ್ವಾನ್ಸ್ ಹಣ ಅವರ ಕೈಯಲ್ಲೇ ಇದೆಯಲ್ಲವೇ ಎಂದೂ ನೆನಪಿಸಿ.

ಪ್ರಶ್ನೆ: ಪರಿಚಯದ ಹುಡುಗನೊಬ್ಬ ಪ್ರಿಂಟಿಂಗ್ ಪ್ರೆಸ್ ಇಡಲು ಗೋದಾಮು ಹಿಡಿದಾಗ ಜಾಮೀನು ನಿಂತಿದ್ದೆ. ಕರಾರು 11 ತಿಂಗಳದ್ದು. ಅದು ಮುಗಿದ ಮೇಲೆ ಮಾಲೀಕರು ಮತ್ತು ಅವನು ತಾವಿಬ್ಬರೇ ಎರಡು ಸಲ ಹೊಸ ಕರಾರು ಮಾಡಿಕೊಂಡಿದ್ದಾರೆ, ಬಾಡಿಗೆಯನ್ನೂ ಏರಿಸಿದ್ದಾರೆ. ನನಗೆ ಯಾರೂ ತಿಳಿಸಲಿಲ್ಲ. ಈಗ ಅವನು ಏಳು ತಿಂಗಳ ಬಾಕಿ ಬಿಟ್ಟು ಹೋಗಿದ್ದಾನೆ, ನನಗೆ ವಕೀಲರ ನೋಟಿಸ್ ಬಂದಿದೆ. ಮರ್ಯಾದೆ ಪ್ರಶ್ನೆ ಅಂತ ಕೊಟ್ಟು ಮುಗಿಸಿಬಿಡಲೇ?
– ಹುಬ್ಬಳ್ಳಿ

ಉತ್ತರ: ಅವಸರ ಮಾಡಬೇಡಿ. ನೀವು ಹೇಳಿದ್ದೆಲ್ಲ ಕಾಗದದಲ್ಲೂ ಹಾಗೇ ಇದ್ದರೆ ನಿಮ್ಮ ಪರವಾಗಿ ಹೇಳಲು ಬಹಳಷ್ಟಿದೆ.

ನೀವು ಒಪ್ಪಿದ್ದು ಮೊದಲ 11 ತಿಂಗಳ ಕರಾರಿಗೆ. ಮುಂದಿನ ಎರಡೂ ಬೇರೆ ಕರಾರುಗಳು, ಅವುಗಳಲ್ಲಿ ನಿಮ್ಮ ಸಹಿ ಇಲ್ಲ. ಹಳೆಯ ಕರಾರೇ ಮುಂದುವರಿದಿದೆ ಎಂದು ಮಾಲೀಕರು ವಾದಿಸಿದರೂ ಬಾಡಿಗೆ ಏರಿಸುವಾಗ ನಿಮ್ಮ ಒಪ್ಪಿಗೆ ಪಡೆದಿಲ್ಲ. ಜಾಮೀನುದಾರರನ್ನು ಕೇಳದೆ ಷರತ್ತು ಬದಲಿಸಿದರೆ ಬದಲಾವಣೆಯ ನಂತರದ ವ್ಯವಹಾರಗಳಿಗೆ ಅವರ ಹೊಣೆ ಕಳಚುತ್ತದೆ ಎನ್ನುತ್ತದೆ 133ನೇ ಕಲಮು. ಬಾಕಿಯಿರುವ ಏಳು ತಿಂಗಳು ಏರಿಕೆಯ ನಂತರದವು.

ಒಂದು ಅಡ್ಡಿ ಇರಬಹುದು. ‘ಕರಾರು ನವೀಕರಣಗೊಂಡರೂ, ಬಾಡಿಗೆ ಪರಿಷ್ಕರಣೆಯಾದರೂ ಈ ಜಾಮೀನು ಮುಂದುವರಿಯತಕ್ಕದ್ದು’ ಎಂಬ ಸಾಲು ಮೊದಲ ಕರಾರಿನಲ್ಲೇ ಇದ್ದರೆ ನೀವು ಮುಂಚಿತವಾಗಿ ಒಪ್ಪಿಗೆ ಕೊಟ್ಟಂತಾಗುತ್ತದೆ. ಆದ್ದರಿಂದ ಮೊದಲು ಹಳೆಯ ಕರಾರನ್ನು ಹುಡುಕಿ ಓದಿ.

ಮಾಲೀಕರು ಇಷ್ಟು ದಿನ ಕೇಳದೆ ಸುಮ್ಮನಿದ್ದರು ಎಂಬ ವಾದ ಒಂದೇ ನಡೆಯದು. ಬರೀ ತಡ ಮಾಡಿದ ಮಾತ್ರಕ್ಕೆ ಜಾಮೀನುದಾರರು ಪಾರಾಗುವುದಿಲ್ಲ ಎಂದು 137ನೇ ಕಲಮಿನಲ್ಲಿದೆ. ಅಡ್ವಾನ್ಸ್ ಹಣದ ಲೆಕ್ಕವನ್ನು ಮಾತ್ರ ಖಂಡಿತ ಕೇಳಿ. ಮಾಲೀಕರ ಕೈಯಲ್ಲಿರುವ ಭದ್ರತೆಯ ಲಾಭ ಜಾಮೀನುದಾರರಿಗೂ ಸಿಗಬೇಕು. ನಿಮ್ಮನ್ನು ಕೇಳದೆ ಅದನ್ನು ಹುಡುಗನಿಗೆ ವಾಪಸ್ ಕೊಟ್ಟಿದ್ದರೆ ಅಷ್ಟರ ಮಟ್ಟಿಗೆ ನಿಮ್ಮ ಹೊಣೆ ಇಳಿಯುತ್ತದೆ ಎಂದು 141ನೇ ಕಲಮಿನ ಆಧಾರದಲ್ಲಿ ವಾದಿಸಬಹುದು.

ನೋಟಿಸಿಗೆ ಉತ್ತರ ಕೊಡದೆ ಬಿಡಬೇಡಿ. ಅದರಲ್ಲಿ ಹೇಳಿದ ಗಡುವಿನೊಳಗೆ ವಕೀಲರ ಮೂಲಕ ಸ್ಪೀಡ್ ಪೋಸ್ಟಿನಲ್ಲಿ ಉತ್ತರ ಹೋಗಲಿ. ಯಾವ ಕರಾರಿನ ಬಾಕಿ, ತಿಂಗಳವಾರು ಎಷ್ಟು, ಅಡ್ವಾನ್ಸ್ ಎಷ್ಟಿತ್ತು, ಎಷ್ಟು ವಜಾ ಮಾಡಿಕೊಂಡಿದ್ದೀರಿ ಎಂಬ ಪ್ರಶ್ನೆಗಳು ಅದರಲ್ಲಿರಲಿ. ‘ಇರಲಿ, ಸ್ವಲ್ಪ ಇಟ್ಟುಕೊಳ್ಳಿ’ ಎಂದು ಹತ್ತು ಸಾವಿರ ಕೈಗಿಟ್ಟು ಬಂದರೆ ಹೊಣೆ ಒಪ್ಪಿಕೊಂಡಿರಿ ಎನ್ನಲು ಅದೇ ಅವರಿಗೆ ಆಧಾರವಾದೀತು.

ಕೊನೆಗೆ ಕೊಡಲೇಬೇಕಾಗಿ ಬಂದರೆ ಬ್ಯಾಂಕ್ ಮೂಲಕವೇ ಕೊಡಿ, ‘ಜಾಮೀನುದಾರರಿಂದ ಸಂದಾಯ’ ಎಂದು ಬರೆಸಿದ ರಸೀದಿ ಪಡೆಯಿರಿ. ನೀವು ನ್ಯಾಯವಾಗಿ ತೆತ್ತ ಹಣವನ್ನು ಹುಡುಗನಿಂದ ವಸೂಲು ಮಾಡುವ ಹಕ್ಕು ನಿಮಗಿದೆ. ಅದಕ್ಕೆ ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಮಾಲೀಕರಿಗೇ ಸಿಗದವನು ನಿಮಗೆ ಸಿಗುತ್ತಾನೆಯೇ ಎಂಬುದು ಬೇರೆ ಮಾತು.

ಪ್ರಶ್ನೆ: ನಾನು ಎಂಟು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ನಮ್ಮೂರಿನ ದೂರದ ಸಂಬಂಧಿಕರ ಮಗಳು ಎಂ.ಎಸ್ಸಿ. ಓದಲು ಇಲ್ಲಿಗೆ ಬರುತ್ತಿದ್ದಾಳೆ. ಮೂವರು ಬೇರೆ ವಿದ್ಯಾರ್ಥಿಗಳ ಜೊತೆ ಮನೆ ನೋಡಿದ್ದಾಳೆ. ಇವಳ ಪಾಲು ತಿಂಗಳಿಗೆ 650 ಪೌಂಡ್. ಇಲ್ಲಿ ನೆಲೆಸಿರುವ ಗ್ಯಾರಂಟರ್ ಬೇಕು ಎಂದು ಏಜೆಂಟ್ ಕೇಳಿದ್ದಾರೆ. ಅವಳ ಅಪ್ಪ ಊರಿನಿಂದ ಫೋನ್ ಮಾಡಿ, ‘ನೀನೊಂದು ಸಹಿ ಹಾಕಿಬಿಡಪ್ಪ, ದುಡ್ಡು ನಾನು ಕಳಿಸ್ತೀನಿ’ ಎಂದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ.
– ಕಾವೆಂಟ್ರಿ

ಉತ್ತರ: ಅವಳ ಪಾಲು 650 ಇರಬಹುದು. ನಿಮ್ಮ ಹೊಣೆಯೂ ಅಷ್ಟೇ ಎಂದುಕೊಳ್ಳಬೇಡಿ. ನಾಲ್ವರೂ ಸೇರಿ ಒಂದೇ ಜಂಟಿ ಕರಾರಿಗೆ ಸಹಿ ಹಾಕಿದರೆ ಇಡೀ ಮನೆಯ ಬಾಡಿಗೆಗೆ ಪ್ರತಿಯೊಬ್ಬರೂ ಹೊಣೆ. ಗ್ಯಾರಂಟಿ ಪತ್ರವನ್ನು ಹೇಗೆ ಬರೆದಿದ್ದಾರೆ ಎಂಬುದರ ಮೇಲೆ ಆ ಪೂರ್ತಿ ಹೊಣೆ ನಿಮ್ಮ ತಲೆಗೂ ಬರಬಹುದು. ನಾಲ್ಕೂ ಕೋಣೆಗೆ ಒಂದೇ ಬಾಡಿಗೆ ಎಂದುಕೊಂಡರೆ ತಿಂಗಳಿಗೆ 2,600 ಪೌಂಡ್. ಹುಡುಗಿ ಒಂದು ದಿನವೂ ತಪ್ಪದೆ ಕಟ್ಟುತ್ತಿದ್ದರೂ, ನೀವು ಮುಖವನ್ನೇ ನೋಡದ ಮೂರನೆಯ ಹುಡುಗ ಉಳಿಸಿಕೊಂಡ ಬಾಕಿಗೆ, ಅವನು ಒಡೆದ ಬಾಗಿಲಿಗೆ ನಿಮ್ಮನ್ನು ಕೇಳಬಹುದು. ‘ಈ ಬಾಡಿಗೆದಾರಳ ಪಾಲಿಗೆ ಮಾತ್ರ’ ಎಂದು ಬರೆಸುವುದು ನಿಮ್ಮ ಮೊದಲ ಷರತ್ತಾಗಲಿ.

ಎರಡನೆಯದು ಅವಧಿ. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯ ಪ್ರಕಾರ ಇಂಗ್ಲೆಂಡಿನ ಖಾಸಗಿ ಬಾಡಿಗೆ ಮನೆಗಳಿಗೆ 2026ರ ಮೇ 1ರಿಂದ ಹೊಸ ಪದ್ಧತಿ. ಅಲ್ಲಿ ಇಂತಿಷ್ಟು ತಿಂಗಳ ಕರಾರು ಎಂಬುದಿಲ್ಲ, ಬಾಡಿಗೆದಾರರು ನೋಟಿಸ್ ಕೊಟ್ಟು ಬಿಡುವ ತನಕ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುತ್ತದೆ. ಆಗ ನಿಮ್ಮ ಗ್ಯಾರಂಟಿ ಎಲ್ಲಿಗೆ ಮುಗಿಯುತ್ತದೆ? ತಾರೀಖು ಬರೆಸದಿದ್ದರೆ ಅವಳು ಓದು ಮುಗಿಸಿ ಕೆಲಸ ಹುಡುಕುತ್ತಾ ಅಲ್ಲೇ ಉಳಿದಷ್ಟು ಕಾಲವೂ ನಡೆಯಬಹುದು. ಅದೇ ಕಾಯ್ದೆ ಒಂದು ತಿಂಗಳಿಗಿಂತ ಹೆಚ್ಚಿನ ಬಾಡಿಗೆಯನ್ನು ಮುಂಗಡವಾಗಿ ಕೇಳುವುದನ್ನೂ ತಡೆಯುತ್ತದೆ. ಊರಿನಿಂದ ಆರು ತಿಂಗಳದ್ದನ್ನು ಒಟ್ಟಿಗೆ ತಂದು ಕಟ್ಟಿ ಗ್ಯಾರಂಟರ್ ಇಲ್ಲದೆ ಪಾರಾಗುತ್ತಿದ್ದ ದಾರಿ ಇದರಿಂದ ಕಿರಿದಾಗಿದೆ. ನಿಮ್ಮಂಥವರಿಗೆ ಊರಿನಿಂದ ಫೋನ್ ಬರುವುದು ಇನ್ನೂ ಹೆಚ್ಚಬಹುದು.

ಇಂಗ್ಲೆಂಡಿನಲ್ಲಿ ಬಾಯಿಮಾತಿನ ಗ್ಯಾರಂಟಿ ಜಾರಿಯಾಗದು. 1677ರ ಒಂದು ಕಾಯ್ದೆಯ ಪ್ರಕಾರ ಅದು ಬರಹದಲ್ಲಿದ್ದು ಸಹಿಯಾಗಿರಬೇಕು. ಫೋನಿನಲ್ಲಿ ಹೂಂ ಎಂದಿದ್ದರೆ ನೀವು ಸಿಕ್ಕಿಕೊಂಡಿಲ್ಲ. ಕಾಗದ ‘ಡೀಡ್’ ರೂಪದಲ್ಲಿದ್ದರೆ, ಬಾಡಿಗೆ ಬಾಕಿಯನ್ನು ಬಿಟ್ಟು ಉಳಿದ ಹೊಣೆಗಳಿಗೆ ದಾವೆಯ ಕಾಲಮಿತಿ ಆರು ವರ್ಷದ ಬದಲು ಹನ್ನೆರಡು ವರ್ಷ ಎಂಬುದನ್ನೂ ನೋಡಿಕೊಳ್ಳಿ. ಕೋರ್ಟ್ ತೀರ್ಪು ಬಂದು ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ನಿಮ್ಮ ಹೆಸರು ಆರು ವರ್ಷ ದಾಖಲೆಯಲ್ಲಿ ಉಳಿಯುತ್ತದೆ. ಆ ಅವಧಿಯಲ್ಲಿ ಮನೆ ಸಾಲಕ್ಕೆ ಹೋದರೆ ತೊಂದರೆ ತಪ್ಪಿದ್ದಲ್ಲ.

ವಿಶ್ವವಿದ್ಯಾಲಯದ ಸ್ವಂತ ಹಾಸ್ಟೆಲ್ ಸಿಗುತ್ತದೆಯೇ, ಅದೇ ಗ್ಯಾರಂಟರ್ ಆಗುವ ಯೋಜನೆ ಇಟ್ಟಿದೆಯೇ ಎಂದು ಹುಡುಗಿ ವಿಚಾರಿಸಲಿ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಈ ಸೌಲಭ್ಯ ಇದೆ. ಶುಲ್ಕ ಪಡೆದು ಗ್ಯಾರಂಟಿ ನಿಲ್ಲುವ ಕಂಪನಿಗಳೂ ಇವೆ, ಆ ಶುಲ್ಕವನ್ನು ಅಪ್ಪ ಕೊಡಬಹುದು. ಅಷ್ಟಾದ ಮೇಲೂ ನೀವೇ ನಿಲ್ಲುವುದಾದರೆ ಬಾಡಿಗೆ ಕರಾರಿನ ಪ್ರತಿಯನ್ನು ಮೊದಲೇ ತರಿಸಿಕೊಂಡು ಸಿಟಿಜನ್ಸ್ ಅಡ್ವೈಸ್‌ನವರಿಗೆ ತೋರಿಸಿ. ಅಲ್ಲಿ ಸಲಹೆಗೆ ದುಡ್ಡಿಲ್ಲ. ‘ದುಡ್ಡು ನಾನು ಕಳಿಸ್ತೀನಿ’ ಎಂದವರಿಂದ ಎರಡು ಮೂರು ತಿಂಗಳ ಬಾಡಿಗೆಯಷ್ಟು ಹಣವನ್ನು ನಿಮ್ಮ ಊರಿನ ಖಾತೆಗೆ ಈಗಲೇ ಹಾಕಿಸಿಕೊಳ್ಳಿ. ಕೇಳಲು ಸಂಕೋಚ ಬೇಡ, ಮಗಳ ಓದಿಗೆ ಅವರು ಎತ್ತಿಟ್ಟ ಹಣದಲ್ಲಿ ಅದೂ ಒಂದು ಬಾಬ್ತು.

ಪ್ರಶ್ನೆ: ನಮ್ಮ ತಂದೆ ಮತ್ತು ಸೋದರಮಾವ ಇಬ್ಬರೂ ಸೇರಿ ಅತ್ತೆಯ ಮಗನ ಹೋಟೆಲ್ ಕಟ್ಟಡದ ಬಾಡಿಗೆಗೆ ಜಾಮೀನು ಹಾಕಿದ್ದರು. ತಂದೆ ಹೋದ ವರ್ಷ ತೀರಿಕೊಂಡರು. ಹೋಟೆಲ್ ಈಗ ನಷ್ಟದಲ್ಲಿದೆ. ಕಟ್ಟಡದವರು ಮಗನಾದ ನನ್ನನ್ನು ಕೇಳುತ್ತಿದ್ದಾರೆ.
– ಮೈಸೂರು

ಉತ್ತರ: ನೀವು ಸಹಿ ಹಾಕಿಲ್ಲವಾದ್ದರಿಂದ ನಿಮ್ಮ ಸಂಬಳ, ನಿಮ್ಮ ಸ್ವಂತ ಆಸ್ತಿಗೆ ಅವರು ಕೈ ಹಾಕುವಂತಿಲ್ಲ. ತಂದೆಯ ಹೊಣೆ ಏನಾದರೂ ಉಳಿದಿದ್ದರೆ ಅದು ಅವರಿಂದ ನಿಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ.

ಹೊಣೆ ಉಳಿದಿದೆಯೇ ಎಂಬುದು ಕರಾರಿನ ಮಾತುಗಳ ಮೇಲೆ ನಿಂತಿದೆ. ಮುಂದುವರಿಯುವ ಜಾಮೀನಾಗಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಜಾಮೀನುದಾರರ ಮರಣದೊಂದಿಗೆ ಮುಂದಿನ ವ್ಯವಹಾರಗಳಿಗೆ ಅದು ರದ್ದಾಗುತ್ತದೆ ಎಂದು ಕರಾರು ಕಾಯ್ದೆಯ 131ನೇ ಕಲಮಿನಲ್ಲಿದೆ. ಆಗ ತಂದೆ ತೀರಿದ ದಿನದವರೆಗಿನ ಬಾಕಿಯಷ್ಟೇ ಲೆಕ್ಕಕ್ಕೆ ಬರುತ್ತದೆ. ತೊಡಕು ಎರಡು ಕಡೆ ಇದೆ. ‘ಜಾಮೀನುದಾರರ ವಾರಸುದಾರರೂ ಬದ್ಧರು’ ಎಂಬಂಥ ಸಾಲನ್ನು ಮಾಲೀಕರು ತೋರಿಸಬಹುದು. ಇಲ್ಲವೇ, ಇಂತಿಷ್ಟು ವರ್ಷಕ್ಕೆಂದು ಒಂದೇ ಸಲಕ್ಕೆ ಕಟ್ಟಡ ಬಿಟ್ಟುಕೊಟ್ಟಿದ್ದು ಒಂದೇ ವ್ಯವಹಾರ, ಅದು ತಿಂಗಳು ತಿಂಗಳೂ ಹೊಸದಾಗಿ ಹುಟ್ಟುವುದಲ್ಲ ಎಂದು ವಾದಿಸಬಹುದು. ಆ ವಾದವನ್ನು ನ್ಯಾಯಾಲಯ ಒಪ್ಪಿದರೆ ಅವಧಿ ಮುಗಿಯುವ ತನಕ ಹೊಣೆ ತಂದೆಯ ಆಸ್ತಿಯ ಮೇಲಿರುತ್ತದೆ.

ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ಕಟ್ಟಡದವರಿಗೆ ಈಗಲೇ ಪತ್ರ ಬರೆಯಿರಿ. ಮುಂದಿನ ಬಾಡಿಗೆಗೆ ತಂದೆಯವರ ಜಾಮೀನು ಇಲ್ಲ ಎಂದು ತಿಳಿಸಿ, ತಂದೆ ತೀರಿದ ದಿನಕ್ಕೆ ಇದ್ದ ಬಾಕಿಯ ಲೆಕ್ಕ ಕೇಳಿ. ‘ಅಪ್ಪನ ಜಾಗದಲ್ಲಿ ನೀನೊಂದು ಸಹಿ ಹಾಕು’ ಎಂದು ಕಾಗದ ತಂದರೆ ಮುಟ್ಟಬೇಡಿ, ಅದು ಹೊಸ ಜಾಮೀನು. ಇನ್ನು ಸೋದರಮಾವನ ವಿಚಾರ. ಒಂದೇ ಬಾಕಿಗೆ ಇಬ್ಬರು ನಿಂತಿದ್ದರೆ ತಮ್ಮೊಳಗೆ ಸಮಪಾಲು. ಅವರೊಬ್ಬರೇ ಪೂರ್ತಿ ಕೊಟ್ಟರೆ ಅರ್ಧಕ್ಕಾಗಿ ನಿಮ್ಮ ತಂದೆಯ ಆಸ್ತಿಯ ಕಡೆ ನೋಡಬಹುದು. ಹಾಗಾಗಿ ಕಟ್ಟಡದವರ ಜೊತೆ ಮಾತಾಡುವಾಗ ಮಾವನನ್ನು ಬಿಟ್ಟು ಒಬ್ಬರೇ ಹೋಗಬೇಡಿ.

ಪ್ರಶ್ನೆ: ನಮ್ಮವರ ತಂಗಿಯ ಗಂಡ ಬೆಂಗಳೂರಿನಲ್ಲಿ 18,000 ಬಾಡಿಗೆಯ ಮನೆಗೆ ಹೋಗುತ್ತಿದ್ದಾರೆ. ಹಿಂದಿನ ಮನೆಯಲ್ಲೂ ಬಾಕಿ ಮಾಡಿಕೊಂಡಿದ್ದರಿಂದ ಹೊಸ ಓನರ್ ಜಾಮೀನು ಕೇಳಿದ್ದಾರೆ. ನಮ್ಮವರು ತಂಗಿಯ ಮುಖ ನೋಡಿ ಒಪ್ಪಿದ್ದಾರೆ. ಈಗಿರುವ ಮನೆ ನನ್ನ ಹೆಸರಿನಲ್ಲಿದೆ, ಅದಕ್ಕೇನಾದರೂ ತೊಂದರೆ ಆಗುತ್ತದಾ? ಬೇಡ ಅಂದರೆ ಸಂಬಂಧ ಕೆಡುತ್ತೆ ಅಂತಾರೆ.
– ಶಿವಮೊಗ್ಗ

ಉತ್ತರ: ಮನೆ ನಿಜವಾಗಿಯೂ ನಿಮ್ಮದೇ ಆಗಿದ್ದು, ನೀವು ಸಹಿ ಹಾಕದಿದ್ದರೆ ಗಂಡನ ಜಾಮೀನಿಗಾಗಿ ಅದನ್ನು ಜಪ್ತಿ ಮಾಡುವಂತಿಲ್ಲ. ಜಂಟಿ ಹೆಸರಿನಲ್ಲಿದ್ದರೆ ಅವರ ಪಾಲಿಗೆ ಬಾಧೆ ಇದೆ. ಓನರ್ ‘ಮೇಡಂ ಸಹಿಯೂ ಇರಲಿ’ ಎಂದರೆ ಅವರ ಕಣ್ಣು ಇರುವುದು ಆ ಮನೆಯ ಮೇಲೇ. ಅಲ್ಲಿ ಮಾತ್ರ ದಾಕ್ಷಿಣ್ಯ ಬೇಡ.

ಒಮ್ಮೆ ಬಾಕಿ ಮಾಡಿದವರು ಇನ್ನೊಮ್ಮೆ ಮಾಡುವ ಸಾಧ್ಯತೆ ಹೆಚ್ಚು, ಓನರಿಗೂ ಅದೇ ಭಯ. ಜಾಮೀನು ನಿಂತು, ಅವರು ಕೊಡದೆ, ನಿಮ್ಮವರು ತೆತ್ತ ದಿನ ಸಂಬಂಧ ಉಳಿಯುತ್ತದೆಯೇ? ಕೊಟ್ಟವರಿಗೆ ಸಿಟ್ಟು, ಕೊಡಿಸಿಕೊಂಡವರಿಗೆ ಮುಜುಗರ, ಹಬ್ಬಕ್ಕೆ ಬರುವುದೂ ನಿಲ್ಲುತ್ತದೆ. ‘ಜಾಮೀನು ನಿಲ್ಲುವುದಿಲ್ಲ, ಆದರೆ ಅಡ್ವಾನ್ಸಿಗೆ 40,000 ಕೊಡುತ್ತೇನೆ, ಆದಾಗ ವಾಪಸ್ ಕೊಡಿ’ ಎಂದು ನಿಮ್ಮವರು ತಂಗಿಗೇ ನೇರವಾಗಿ ಹೇಳಲಿ. ಹೋದರೂ ಅಷ್ಟೇ ಹೋಗುತ್ತದೆ, ಎಷ್ಟು ಎಂಬುದು ಇವತ್ತೇ ಗೊತ್ತಿರುತ್ತದೆ.

ಅದಕ್ಕೂ ಒಪ್ಪದೆ ಜಾಮೀನೇ ಬೇಕೆಂದರೆ, ಕರಾರಿನಲ್ಲಿ ಈ ಕೆಳಗಿನ ಒಕ್ಕಣೆ ಸೇರಿಸದೆ ಸಹಿ ಹಾಕುವುದು ಬೇಡ. ಮೊತ್ತ, ತಾರೀಖನ್ನು ನಿಮಗೆ ಬೇಕಾದಂತೆ ತಿದ್ದಿಕೊಳ್ಳಿ:

‘ಜಾಮೀನುದಾರರ ಒಟ್ಟು ಹೊಣೆಯು ಎಲ್ಲ ಬಾಬ್ತು ಸೇರಿ ರೂ. 54,000 (ಮೂರು ತಿಂಗಳ ಬಾಡಿಗೆ) ಮೀರತಕ್ಕದ್ದಲ್ಲ. ಈ ಜಾಮೀನು ಕರಾರಿನ 11ನೇ ತಿಂಗಳ ಕೊನೆಯ ದಿನ ತಾನಾಗಿಯೇ ಮುಕ್ತಾಯವಾಗತಕ್ಕದ್ದು. ಕರಾರು ನವೀಕರಣಗೊಂಡಲ್ಲಿ ಅಥವಾ ಬಾಡಿಗೆ ಬದಲಾದಲ್ಲಿ ಜಾಮೀನುದಾರರ ಹೊಸ ಸಹಿಯಿಲ್ಲದೆ ಮುಂದುವರಿಯತಕ್ಕದ್ದಲ್ಲ. ಬಾಡಿಗೆದಾರರು ಯಾವುದೇ ತಿಂಗಳ ಬಾಡಿಗೆ ಉಳಿಸಿಕೊಂಡಲ್ಲಿ ಮಾಲೀಕರು 15 ದಿನಗಳೊಳಗೆ ಜಾಮೀನುದಾರರಿಗೆ ಬರಹದಲ್ಲಿ ತಿಳಿಸತಕ್ಕದ್ದು. ಹಾಗೆ ತಿಳಿಸದ ತಿಂಗಳ ಬಾಡಿಗೆಗೆ ಜಾಮೀನುದಾರರು ಹೊಣೆಯಲ್ಲ. ಬಾಕಿಯನ್ನು ಮೊದಲು ಅಡ್ವಾನ್ಸ್ ಹಣದಲ್ಲಿ ವಜಾ ಮಾಡಿಕೊಂಡು, ಉಳಿದದ್ದನ್ನು ಮಾತ್ರ ಜಾಮೀನುದಾರರಿಂದ ಕೇಳತಕ್ಕದ್ದು. ಜಾಮೀನುದಾರರು 60 ದಿನಗಳ ನೋಟಿಸ್ ಕೊಟ್ಟು ಮುಂದಿನ ಬಾಡಿಗೆಗಳ ಹೊಣೆಯಿಂದ ಬಿಡುಗಡೆ ಹೊಂದಬಹುದು.’

ಇದರಲ್ಲಿ 15 ದಿನದ ಮಾತು ಬಹಳ ಮುಖ್ಯ. ನನ್ನ ಬಳಿಗೆ ಬರುವ ಜಾಮೀನುದಾರರಲ್ಲಿ ಹೆಚ್ಚಿನವರಿಗೆ ಬಾಕಿಯ ವಿಷಯ ತಿಳಿಯುವುದು ಅದು ಲಕ್ಷ ದಾಟಿ ನೋಟಿಸ್ ಬಂದ ಮೇಲೆ. ಒಂದು ತಿಂಗಳು ತಪ್ಪಿದಾಗಲೇ ಗೊತ್ತಾದರೆ ನಿಮ್ಮವರು ತಂಗಿಯ ಮನೆಗೆ ಹೋಗಿ ವಿಚಾರಿಸಬಹುದು, 60 ದಿನದ ನೋಟಿಸ್ ಕೊಟ್ಟು ಹೊರಗೂ ಬರಬಹುದು. ಕರಾರಿನ ಪೂರ್ತಿ ಪ್ರತಿಯೊಂದನ್ನು ಸಹಿ ಹಾಕಿದ ದಿನವೇ ಮನೆಗೆ ತನ್ನಿ. ಖಾಲಿ ಬಿಟ್ಟ ಜಾಗ ಎಲ್ಲೂ ಇರದಿರಲಿ. ಈ ಒಕ್ಕಣೆಗೆ ಓನರ್ ಒಪ್ಪದಿದ್ದರೆ ಬೇಡ ಎನ್ನಲು ನಿಮ್ಮವರಿಗೆ ಒಳ್ಳೆಯ ಕಾರಣವೇ ಸಿಕ್ಕಿತು: ‘ನಾನು ಒಪ್ಪಿದ್ದೆ, ಓನರೇ ಒಪ್ಪಲಿಲ್ಲ’ ಎಂದು ಭಾವನಿಗೆ ಹೇಳಬಹುದು.